ಮಿನಿ ಫ್ರಿಜ್ಜಿನೊಳಗಿನ ಫಿಸಿಕ್ಸ್ ನಮಗ್ಯಾಕೆ ಬೇಡ?

ಹಾವೇರಿ, ರಾಣೆಬೆನ್ನೂರು ಕಡೆ ಪ್ರಾಜೆಕ್ಟ್ ಎಕ್ಸಿಬಿಷನ್ ಅಂದ್ರೆ ಒಂದಾದರೂ ಮಿನಿ ಫ್ರಿಜ್ ಇರಲೇಬೇಕು. ಥರ್ಮಾಕೋಲ್ ಡಬ್ಬಿ, ಫ್ಯಾನ್, ಹೀಟ್ ಸಿಂಕ್, ನಡುವೆ ಪೆಲ್ಟಿಯರ್ ಮಾಡ್ಯೂಲ್. ಅದರೊಳಗೆ ಸಾಲಾಗಿ ಕೂತಿರೋ ತುಣುಕುಗಳು ಬಿಸ್ಮತ್ ಟೆಲ್ಯುರೈಡಿನ ಮಿಶ್ರಣ. ಇದೇ ಬಿಸ್ಮತ್ ಟೆಲ್ಯುರೈಡ್ ಟೋಪೋಲಾಜಿಕಲ್ ಇನ್ಸುಲೇಟರ್ ಅಂತ 2009ರಲ್ಲಿ ಗೊತ್ತಾಯಿತು. ಅಂದ್ರೆ ಶುದ್ಧವಾಗಿದ್ದರೆ ಒಳಗೆ ಅವಾಹಕ, ಮೇಲ್ಮೈಯಲ್ಲಿ ವಾಹಕ. (ಮಾಡ್ಯೂಲಿಗೆ ಹಾಕೋವಾಗ ಒಳಗೂ ಕರೆಂಟ್ ಹರಿಯುವಂತೆ ಡೋಪ್ ಮಾಡಿರ್ತಾರೆ, ಹಂಗಾಗಿ ಈ ಗುಣ ನಮ್ಮ ಕಣ್ಣಿಗೆ ಬೀಳಲ್ಲ.)

ಆ ಮೇಲ್ಮೈಯಲ್ಲಿ ಎಲೆಕ್ಟ್ರಾನಿನ ಸ್ಪಿನ್ ಅದರ ಓಟದ ದಿಕ್ಕಿಗೆ ಕಟ್ಟುಬಿದ್ದಿರುತ್ತೆ. ಹಿಂದಕ್ಕೆ ತಿರುಗಬೇಕಂದ್ರೆ ಸ್ಪಿನ್ನೂ ತಿರುಗಬೇಕು. ನಮ್ಮ ಹೈವೇ ನೋಡಿ: ಗುಂಡಿ ಸಿಕ್ಕರೆ ಗಾಡಿ ಪಕ್ಕಕ್ಕೆ ಸರಿದು ಮುಂದೆ ಹೋಗುತ್ತೆ, ಡಿವೈಡರ್ ಇರೋದ್ರಿಂದ ವಾಪಸ್ ಬರೋಕಾಗಲ್ಲ. ಸಾಮಾನ್ಯ ಕಲ್ಮಶ ಅಂಥ ಗುಂಡಿ. ಕ್ರೋಮಿಯಂ, ಮ್ಯಾಂಗನೀಸ್ ಥರದ ಕಾಂತೀಯ ಪರಮಾಣು ಸ್ಪಿನ್ನನ್ನೇ ತಿರುಗಿಸಬಲ್ಲದು. ಅದು ಬಂತಂದ್ರೆ ಡಿವೈಡರ್ ಒಡೆದಂಗೆ, ಯೂ-ಟರ್ನ್ ಶುರು. ಉಪಮೆ ಪೂರ್ತಿ ಸರಿಯಲ್ಲ ಬಿಡಿ. ಓರೆಯಾಗಿ ಚದುರೋದಕ್ಕೆ ಮೊದಲೂ ತಡೆಯಿರಲಿಲ್ಲ, ನೇರ ಹಿಂದಕ್ಕೆ ಬರೋದಕ್ಕಷ್ಟೇ ತಡೆ.

ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಕಲಬೆರಕೆ ಅಂದ್ರೆ ರೇಟ್ ಬಿದ್ದಂಗೆ. ಇಲ್ಲಿ ಕಥೆ ಬೇರೆ. 2013ರಲ್ಲಿ ಬೀಜಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಶ್ವೆ ಚಿಕುನ್ ತಂಡ ಬಿಸ್ಮತ್-ಆಂಟಿಮನಿ ಟೆಲ್ಯುರೈಡಿನ ತೆಳು ಪದರಕ್ಕೆ ಬೇಕಂತಲೇ ಕ್ರೋಮಿಯಂ ಬೆರೆಸಿತು. ಪರಮಾಣುಗಳ ಕಾಂತತ್ವವೆಲ್ಲ ಒಂದೇ ಕಡೆ ನಿಂತಾಗ ಮೇಲ್ಮೈಯ ಹಾದಿ ಮುಚ್ಚಿ, ಅಂಚಿನಲ್ಲಿ ಒನ್-ವೇ ಹಾದಿ ಉಳಿಯಿತು. ಹೊರಗಿನ ಕಾಂತಕ್ಷೇತ್ರ ಇಲ್ಲದೆಯೇ ಹಾಲ್ ರೋಧ 25,813 ಓಮ್ ಮುಟ್ಟಿತು. ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನ್ ಆವೇಶದ ವರ್ಗದಿಂದ ಭಾಗಿಸಿದರೆ ಬರೋದು ಇದೇ ಸಂಖ್ಯೆ. ಪೆಲ್ಟಿಯರಿನ ಪಿ-ಟೈಪ್ ಕಾಲುಗಳೂ ಬಿಸ್ಮತ್-ಆಂಟಿಮನಿ ಟೆಲ್ಯುರೈಡೇ!

ನಾವಾದರೋ ಡೋಪಿಂಗ್ ಅಂದ್ರೆ ಎಲೆಕ್ಟ್ರಾನ್ ಹೆಚ್ಚೋ ಹೋಲ್ ಹೆಚ್ಚೋ ಅಂತ ಬರೆದು ಮಾರ್ಕ್ಸ್ ತಗೊಂಡು ಮುಂದೆ ಹೋಗ್ತೀವಿ. ಬೆರೆಸಿದ ಪರಮಾಣು ಕಾಂತೀಯವೋ ಅಲ್ಲವೋ ಅನ್ನೋ ಪ್ರಶ್ನೆ ಏಳೋದೇ ಇಲ್ಲ. ಎದ್ದರೂ "ಅದೆಲ್ಲಾ ಐಐಎಸ್ಸಿನೋರಿಗೆ ಬಿಡ್ಲೇ" ಅನ್ನೋ ಮಾತು ಹಾಸ್ಟೆಲಿನಲ್ಲಿ ರೆಡಿ ಇರುತ್ತೆ. ನಾವು ಇದನ್ನ ಒಪ್ಪಲ್ಲ. ಆ ಪ್ರಯೋಗಕ್ಕೆ ಬೇಕಾದ 30 ಮಿಲಿಕೆಲ್ವಿನ್ ಚಳಿ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ, ನಿಜ. ಆದರೆ ಹಾಲ್ ಎಫೆಕ್ಟ್ ಕಿಟ್ ಎಷ್ಟೋ ಲ್ಯಾಬುಗಳಲ್ಲಿದೆ, ಅದರಲ್ಲೊಂದು ಜರ್ಮೇನಿಯಂ ತುಣುಕೂ ಇದೆ. ರೀಡಿಂಗ್ ಕಾಪಿ ಹೊಡೆಯೋದು ಬಿಟ್ಟು, ಆಯಸ್ಕಾಂತ ತೆಗೆದರೆ ಹಾಲ್ ವೋಲ್ಟೇಜ್ ಯಾಕೆ ಸೊನ್ನೆಗೆ ಬೀಳುತ್ತೆ, ಕ್ರೋಮಿಯಂ ಬೆರೆಸಿದ ಪದರದಲ್ಲಿ ಯಾಕೆ ಬೀಳಲಿಲ್ಲ ಅಂತ ಈ ಸಲ ವೈವಾದಲ್ಲಿ ನಾವೇ ಮೇಷ್ಟ್ರನ್ನ ಕೇಳೋಣ, ಕನ್ನಡದಲ್ಲೇ.