ಗೋಧಿ ಬಿಟ್ಟ ಮಾತ್ರಕ್ಕೆ ತುರಿಕೆ ಬಿಡುವುದೇ?

ಕಳೆದ ಮಳೆಗಾಲದಲ್ಲಿ ಸುರತ್ಕಲ್ ಸಮೀಪದ ಕಾಟಿಪಳ್ಳದಲ್ಲಿರುವ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದೆವು. ನವಮಂಗಳೂರು ಬಂದರಿಗಾಗಿ ಪಣಂಬೂರು ಸುತ್ತಲಿನ ನೆಲವನ್ನು ಬಿಟ್ಟುಕೊಟ್ಟ ಕುಟುಂಬಗಳಿಗೆ ಪುನರ್ವಸತಿ ದೊರೆತ ಊರು ಅದು. ಇಂದು ಅಲ್ಲಿ ಉತ್ತರ ಕರ್ನಾಟಕದಿಂದ ಕಾಯಕವನ್ನರಸಿ ಬಂದವರೂ ನೆಲೆಸಿದ್ದಾರೆ. ನಾವು ಹೋದದ್ದು ಬಾಗಲಕೋಟೆ ಸೀಮೆಯಿಂದ ಬಂದ ಅಂಥದೊಂದು ಮನೆಗೆ.

ಆ ಮನೆಯ ಒಂಬತ್ತು ವರ್ಷದ ಮಗಳಿಗೆ ಕರಾವಳಿಗೆ ಬಂದಂದಿನಿಂದ ಆಗಾಗ ಮೈಮೇಲೆ ದದ್ದುಗಳೇಳುತ್ತಿದ್ದವು. ನಮ್ಮ ಕಡೆ ಪಿತ್ತದ ಗಂಧೆ ಎನ್ನುವುದು ಇದನ್ನೇ. ‘ಇದು ಗ್ಲುಟೆನ್ ದೋಷ, ಗೋಧಿ ಬಿಡಿ’ ಎಂದು ಪರಿಚಿತರೊಬ್ಬರು ಹೇಳಿದರು. ಮನೆಯವರು ಚಪಾತಿ ಬಿಟ್ಟರು, ಉಪ್ಪಿಟ್ಟು ಬಿಟ್ಟರು, ಹಬ್ಬದ ಮಾದಲಿಯನ್ನೂ ಬಿಟ್ಟರು. ಆದರೂ ದದ್ದುಗಳು ನಿಲ್ಲಲಿಲ್ಲ. ‘ಇನ್ನೂ ಕಟ್ಟುನಿಟ್ಟು ಬೇಕು’ ಎಂದುಕೊಂಡು, ಗ್ಲುಟೆನ್ ಇಲ್ಲವೆಂದು ಅಚ್ಚು ಹಾಕಿದ ದುಬಾರಿ ಬಿಸ್ಕತ್ತು ತಂದರು. ಒಂದು ಸಂಜೆ ಅವುಗಳಲ್ಲಿ ನಾಲ್ಕನ್ನು ತಿಂದ ಮಗುವಿನ ತುಟಿ ಅರ್ಧ ಗಂಟೆಯೊಳಗೆ ಊದಿತು, ಮೈಯೆಲ್ಲ ಗಂಧೆ ಎದ್ದಿತು, ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಿಸ್ಕತ್ತಿನಲ್ಲಿ ಗೋಧಿಯ ಬದಲು ಇದ್ದದ್ದು ಗೋಡಂಬಿಯ ಪುಡಿ. ಪರೀಕ್ಷೆಯಲ್ಲಿ ತಿಳಿದ ಸಂಗತಿಯೆಂದರೆ, ಮಗುವಿಗೆ ಒಗ್ಗದಿದ್ದುದು ಗೋಡಂಬಿಯೇ. ಕರಾವಳಿಯ ಪಾಯಸದಲ್ಲಿ, ಸಿಹಿತಿಂಡಿಗಳಲ್ಲಿ ಅದು ಮೊದಲಿನಿಂದಲೂ ಮಗುವಿನ ಹೊಟ್ಟೆ ಸೇರುತ್ತಲೇ ಇತ್ತು. ಗೋಧಿ ನಿರಪರಾಧಿಯಾಗಿತ್ತು.

ಇದನ್ನು ನಾವು ಬರೆಯುತ್ತಿರುವುದು ಆ ತಂದೆತಾಯಿಗಳನ್ನು ಆಕ್ಷೇಪಿಸಲಿಕ್ಕಲ್ಲ. ಮಗುವಿನ ತುರಿಕೆಯನ್ನು ನೋಡಲಾಗದೆ ಅವರು ಮಾಡಿದ್ದು ಪ್ರೀತಿಯ ಕೆಲಸವೇ. ಆದರೆ ಕಾರಣವನ್ನು ತಿಳಿಯದೆ ಒಂದು ಧಾನ್ಯವನ್ನು ಅಪರಾಧಿಯೆಂದು ಹೊರಗಟ್ಟಿದರೆ ನಿಜವಾದ ಅಪರಾಧಿ ಮನೆಯೊಳಗೇ ಉಳಿಯುತ್ತಾನೆ. ಈ ಮಾತನ್ನು ನಮ್ಮ ಭಕ್ತಬಾಂಧವರೆಲ್ಲರೂ ಮನನ ಮಾಡಬೇಕೆಂಬುದು ನಮ್ಮ ಅಭಿಪ್ರಾಯ.

ಗೋಧಿಯಿಂದ ತೊಂದರೆಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಅಂಟು ಸ್ವಭಾವದ ಪ್ರೋಟೀನೇ ಗ್ಲುಟೆನ್. ಕೆಲವರ ದೇಹ ಅದನ್ನು ಕಂಡು ತನ್ನ ಸಣ್ಣ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಇದು ಸೀಲಿಯಾಕ್ ಕಾಯಿಲೆ. ಇದಕ್ಕೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಅವರ ಪ್ರಬಂಧ ಹೊರಬಂದದ್ದು 1950ರಲ್ಲಿ. ಇದೇ ಕಾಯಿಲೆಗೆ ಚರ್ಮದ ಮುಖವೂ ಒಂದುಂಟು. ಮೊಣಕೈ, ಮೊಣಕಾಲು, ಪೃಷ್ಠಗಳ ಮೇಲೆ ಎರಡೂ ಬದಿಗೆ ಒಂದೇ ತೆರನಾಗಿ ಸಣ್ಣ ನೀರುಗುಳ್ಳೆಗಳು ಗುಂಪುಗುಂಪಾಗಿ ಎದ್ದು, ವಿಪರೀತ ತುರಿಸುತ್ತವೆ. 1884ರಲ್ಲಿ ಅಮೆರಿಕದ ವೈದ್ಯ ಲೂಯಿ ಡ್ಯೂರಿಂಗ್ ಇದನ್ನು ವಿವರಿಸಿದರು. ಇದರ ರೋಗಿಗಳು ಗ್ಲುಟೆನ್ ತ್ಯಜಿಸಲೇಬೇಕು. ಆದರೆ ಚರ್ಮ ತಿಳಿಯಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಎರಡು ವಾರ ಚಪಾತಿ ಬಿಟ್ಟು ‘ಗುಣವಾಗಲಿಲ್ಲ’ ಎನ್ನುವುದಾಗಲಿ ‘ಗುಣವಾಯಿತು’ ಎನ್ನುವುದಾಗಲಿ ಪ್ರಮಾಣವಾಗದು.

ಗೋಧಿಯ ಅಲರ್ಜಿ ಇದಕ್ಕಿಂತ ಬೇರೆ. ಅದರಲ್ಲಿ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಗಂಧೆ ಏಳುತ್ತದೆ. ಹೊಟ್ಟೆ ಉಬ್ಬರಿಸಿ ನೋಯುವಂಥ ಗೋಧಿಯ ಅಸಹನೆ ಮೂರನೆಯದು. ಮೂರಕ್ಕೂ ಮೂಲ ಬೇರೆ, ಪರೀಕ್ಷೆ ಬೇರೆ, ಪಥ್ಯ ಬೇರೆ.

ಇನ್ನು ನಮ್ಮ ನಾಡಿನ ಲೆಕ್ಕವನ್ನು ನೋಡೋಣ. 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದರ ಪ್ರಕಾರ ಉತ್ತರ ಭಾರತದ ವಯಸ್ಕರಲ್ಲಿ ಸೀಲಿಯಾಕ್ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ರಕ್ತದಲ್ಲಿ ಸಾವಿರಕ್ಕೆ ಸುಮಾರು ಹನ್ನೆರಡು ಜನರಲ್ಲಿ ಕಂಡರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಕಂಡವು. ಅನ್ನವುಣ್ಣುವ ಕರಾವಳಿಯಲ್ಲಿ ಪ್ರತಿಯೊಂದು ತುರಿಕೆಗೂ ಗ್ಲುಟೆನ್ನನ್ನೇ ದೂರುವುದು ಯುಕ್ತವಲ್ಲವೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಕರಾವಳಿಯ ತುರಿಕೆಗೆ ಕಾರಣವೇನು? ಎಷ್ಟೋ ವೇಳೆ ಅದು ಆಹಾರಕ್ಕೆ ಸಂಬಂಧಿಸಿದ್ದೇ ಅಲ್ಲ. ತೇವ ತುಂಬಿದ ಹವೆ, ಆರದ ಬಟ್ಟೆ, ಬೆವರು ಇವುಗಳಿಂದ ಬೆವರುಸಾಲೆ ಏಳುತ್ತದೆ, ಗಜಕರ್ಣ ಹಬ್ಬುತ್ತದೆ. ಗಜಕರ್ಣವನ್ನು ಅಲರ್ಜಿಯೆಂದು ಭಾವಿಸಿ, ಅಂಗಡಿಯಿಂದ ತಾವೇ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಮೊದಲು ತುರಿಕೆ ಅಡಗಿ, ಬಳಿಕ ರೋಗ ಇಮ್ಮಡಿಯಾಗಿ ಹರಡುತ್ತದೆ. ಪತ್ರೊಡೆ ತಿಂದಾಗ ಗಂಟಲು ಕೆರೆಯುವುದೂ ಅಲರ್ಜಿಯಲ್ಲ. ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಯಾರ ಗಂಟಲನ್ನಾದರೂ ಚುಚ್ಚಬಲ್ಲವು. ಹುಣಸೆ ಸೇರಿಸಿ ಚೆನ್ನಾಗಿ ಬೇಯಿಸಬೇಕೆಂಬ ತುಳುನಾಡಿನ ತಾಯಂದಿರ ಕ್ರಮ ಅನುಭವದಿಂದ ಬಂದದ್ದು.

ಗೋಧಿಯನ್ನು ನಿಜವಾಗಿಯೂ ಬಿಡಬೇಕಾದವರಿಗೂ ಅಪಾಯವಿಲ್ಲದಿಲ್ಲ. ಗೋಧಿಯ ಜಾಗಕ್ಕೆ ಬರುವ ಹಿಟ್ಟುಗಳಲ್ಲಿ ಸೋಯಾ, ಕಡಲೆ, ಶೇಂಗಾ, ಗೋಡಂಬಿ, ಬಾದಾಮಿ, ಎಳ್ಳು ಇರಬಹುದು. ಇವೆಲ್ಲವೂ ಕೆಲವರಲ್ಲಿ ಅಲರ್ಜಿ ಉಂಟುಮಾಡಬಲ್ಲವು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಗ್ಲುಟೆನ್ ಇರುವ ಧಾನ್ಯಗಳು, ಹಾಲು, ಶೇಂಗಾ, ಗೋಡಂಬಿಯಂಥ ಬೀಜಗಳು, ಸೋಯಾ ಮೊದಲಾದವನ್ನು ಅಲರ್ಜಿಕಾರಕಗಳೆಂದು ಪೊಟ್ಟಣದ ಮೇಲೆ ನಮೂದಿಸಬೇಕು. ಎಳ್ಳು, ಕಡಲೆಹಿಟ್ಟುಗಳು ಆ ಪಟ್ಟಿಯಲ್ಲಿಲ್ಲ. ಆದುದರಿಂದ ಮುಂಭಾಗದ ದೊಡ್ಡ ಅಕ್ಷರಗಳನ್ನಷ್ಟೇ ನಂಬದೆ ಹಿಂಭಾಗದ ಸಣ್ಣ ಅಕ್ಷರಗಳನ್ನು ಪೂರ್ತಿ ಓದಬೇಕು. ‘ಗ್ಲುಟೆನ್ ರಹಿತ’ ಎಂಬುದು ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಿಲ್ಲವೆಂಬ ಭರವಸೆ ಮಾತ್ರ. ಎಲ್ಲರಿಗೂ ಒಗ್ಗುವುದೆಂಬ ಭರವಸೆಯಲ್ಲ.

ಸೀಲಿಯಾಕ್ ರೋಗಿಗಳು ಗಮನಿಸಬೇಕಾದ ಗುಪ್ತ ಸ್ಥಳಗಳೂ ಇವೆ. ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಜ್ವರ ಬಂದವರಿಗೆ ಕೊಡುವ ಬಾರ್ಲಿ ನೀರಿನಲ್ಲಿ ಗ್ಲುಟೆನ್ ಇದೆ. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಶುದ್ಧ ಜೋಳದ ರೊಟ್ಟಿಯೂ ಶುದ್ಧವಾಗಿ ಉಳಿಯದು. ಹಾಗಿದ್ದರೂ ನಮ್ಮ ನಾಡಿನಲ್ಲಿ ಇವರು ದುಬಾರಿ ಪೊಟ್ಟಣಗಳಿಗೆ ಕೈಚಾಚಬೇಕಾಗಿಲ್ಲ. ಜೋಳ, ಸಜ್ಜೆ, ರಾಗಿ, ನವಣೆ ನಮ್ಮವೇ. ನೀರುದೋಸೆ, ಪುಂಡಿ, ಕೊಟ್ಟೆ ಕಡುಬು ಕಾಟಿಪಳ್ಳದ ನೆರೆಮನೆಯವೇ.

ಈಗ ಏನು ಮಾಡಬೇಕು? ಮೊದಲನೆಯದಾಗಿ, ಗೋಧಿಯ ಮೇಲೆ ಸಂಶಯವಿದ್ದರೆ ಅದನ್ನು ಬಿಡುವ ಮುನ್ನವೇ ವೈದ್ಯರಲ್ಲಿಗೆ ಹೋಗಬೇಕು. ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಗೋಧಿ ಉಣ್ಣುತ್ತಿರುವಾಗಲೇ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ರೋಗವಿದ್ದರೂ ಇಲ್ಲವೆಂದು ಬರಬಹುದು. ಎರಡನೆಯದಾಗಿ, ಏನು ತಿಂದದ್ದು, ಎಷ್ಟು ಹೊತ್ತಿಗೆ ಗಂಧೆ ಎದ್ದದ್ದು ಎಂಬುದನ್ನು ದಿನವೂ ಬರೆದಿಟ್ಟು, ದದ್ದುಗಳ ಚಿತ್ರ ತೆಗೆದಿಡಬೇಕು. ನೂರಾರು ಆಹಾರಗಳನ್ನು ಒಮ್ಮೆಗೇ ಪರೀಕ್ಷಿಸುತ್ತೇವೆನ್ನುವ ಐಜಿಜಿ ರಕ್ತಪರೀಕ್ಷೆಗಳಿಗಿಂತ ಇಂಥ ಟಿಪ್ಪಣಿ ವೈದ್ಯರಿಗೆ ಹೆಚ್ಚು ಉಪಯುಕ್ತ. ಆ ಪರೀಕ್ಷೆಗಳು ಅಲರ್ಜಿಯನ್ನು ನಿರ್ಣಯಿಸಲಾರವು. ಮೂರನೆಯದಾಗಿ, ಗಂಧೆಯೊಡನೆ ನಾಲಿಗೆ ಊತ, ಉಬ್ಬಸ, ತಲೆಸುತ್ತು ಕಂಡರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಆ ಗಳಿಗೆಯಲ್ಲಿ ಜೀವ ಕಾಯುವ ಔಷಧಿ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು.

ಕೊನೆಯ ಮಾತು ನಮ್ಮ ದಾಸೋಹಕ್ಕೆ ಸಂಬಂಧಿಸಿದ್ದು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ರೊಟ್ಟಿ, ಮಾದಲಿಗಳನ್ನು ಲಕ್ಷಾಂತರ ಜನ ಸ್ವೀಕರಿಸುತ್ತಾರೆ. ಅಂಥ ಪಂಕ್ತಿಯಲ್ಲಿ ‘ಇದರಲ್ಲಿ ಏನೇನಿದೆ?’ ಎಂದು ಕೇಳಲು ಭಕ್ತರು ಸಂಕೋಚಪಡುತ್ತಾರೆ. ಪ್ರಸಾದ ಬಿಟ್ಟರೆ ಅಪಚಾರವಾದೀತೆಂಬ ಅಳುಕು ಅವರದು. ಕಾಟಿಪಳ್ಳದ ಆ ತಾಯಿಯೂ ನಮ್ಮೆದುರು ಇದನ್ನೇ ಕೇಳಿದರು: ಮಠದ ಪಾಯಸದಲ್ಲಿ ಗೋಡಂಬಿ ಇದ್ದರೆ ಮಗಳು ಏನು ಮಾಡಬೇಕು? ನಾವು ಹೇಳಿದ್ದಿಷ್ಟೇ: ಅವಳು ಕೈಮುಗಿದು ಬೇಡವೆನ್ನಲಿ, ಬಡಿಸುವವರು ನಗುತ್ತ ಮುಂದೆ ಸಾಗಲಿ, ಅನ್ನ ಸಾರು ಉಂಡರೂ ಅದು ಪ್ರಸಾದವೇ. ಆದರೆ ಹೊಣೆ ಅವಳೊಬ್ಬಳದೇ ಆಗಬಾರದು. ಪ್ರತಿ ದಾಸೋಹದ ಮನೆಯ ಬಾಗಿಲಲ್ಲಿ ಒಂದು ಕರಿಹಲಗೆ ಇರಲಿ. ಅಂದಿನ ಅಡಿಗೆಯಲ್ಲಿ ಗೋಧಿ, ಶೇಂಗಾ, ಗೋಡಂಬಿ, ಎಳ್ಳು, ಹಾಲು ಯಾವುದರಲ್ಲಿವೆ ಎಂದು ಸುಣ್ಣದ ಕಡ್ಡಿಯಲ್ಲಿ ಬರೆದಿರಲಿ. ಒಂದು ಹಲಗೆಗೆ ತಗಲುವ ಖರ್ಚು ಅಲ್ಪ. ಉಣಬಡಿಸುವವರು ಉಣ್ಣುವವರ ದೇಹವನ್ನೂ ಬಲ್ಲವರಾದರೆ ಆ ದಾಸೋಹ ಪೂರ್ಣವಾಗುತ್ತದೆ.

ಆ ಮಗು ಈಗ ಚಪಾತಿ ತಿನ್ನುತ್ತಿದೆ. ಮುಂದಿನ ಜಾತ್ರೆಗೆ ಬರುವುದಾಗಿ ಹೇಳಿದೆ. ಅಷ್ಟರೊಳಗೆ ನಮ್ಮ ಹಲಗೆ ಸಿದ್ಧವಾಗಿರಬೇಕು.