ಉಪ್ಪಿನ ಹರಳಿನ ಒಳಗುಟ್ಟು

ಕುಣಿಗಲ್ ತಾಲ್ಲೂಕಿನ ಅಮೃತೂರಿನಿಂದ ವಾಚಕರೊಬ್ಬರು ಕೇಳಿದ್ದಾರೆ: “ಉಪ್ಪಿನ ಹರಳು ಚೌಕವಾಗಿಯೇ ಇರುವುದೇಕೆ? ಒಡೆದರೂ ಅದೇ ಆಕಾರದ ಚೂರುಗಳಾಗುವುದೇಕೆ?” ಪ್ರಶ್ನೆ ಅಡಿಗೆಯ ಮನೆಯದು, ಆದರೆ ಅದರ ಉತ್ತರ ನಮ್ಮನ್ನು ಕುಡಿಯುವ ನೀರಿನವರೆಗೂ ಕರೆದೊಯ್ಯುತ್ತದೆ.

ಗೋಕರ್ಣದ ಸಮೀಪದ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪುನೀರು ಬಿಸಿಲಿಗೆ ಆರಿ ಹರಳುಗಟ್ಟುವಾಗ ಯಾರೂ ಅಚ್ಚು ಹಿಡಿದು ನಿಲ್ಲುವುದಿಲ್ಲ. ಆ ನೀರಿನಲ್ಲಿ ಧನವಿದ್ಯುತ್ತನ್ನು ಹೊತ್ತ ಸೋಡಿಯಂ ಕಣಗಳೂ ಋಣವಿದ್ಯುತ್ತನ್ನು ಹೊತ್ತ ಕ್ಲೋರೈಡ್ ಕಣಗಳೂ ಬಿಡಿಬಿಡಿಯಾಗಿ ಅಲೆಯುತ್ತಿರುತ್ತವೆ. ಇವೇ ಅಯಾನುಗಳು. ವಿಜಾತೀಯ ಅಯಾನುಗಳು ಪರಸ್ಪರ ಸೆಳೆಯುತ್ತವೆ; ಸಜಾತೀಯವಾದವು ದೂಡುತ್ತವೆ. ನೀರು ಆರಿದಂತೆ ಪ್ರತಿಯೊಂದು ಸೋಡಿಯಮ್ಮಿನ ಎಡಬಲ, ಹಿಂದುಮುಂದು, ಮೇಲೆಕೆಳಗೆ ಒಟ್ಟು ಆರು ಕ್ಲೋರೈಡುಗಳು ನಿಲ್ಲುತ್ತವೆ. ಪ್ರತಿಯೊಂದು ಕ್ಲೋರೈಡಿನ ಸುತ್ತಲೂ ಹಾಗೆಯೇ ಆರು ಸೋಡಿಯಮ್ಮುಗಳು. ಚದುರಂಗದ ಮಣೆಗಳನ್ನು ಕಪ್ಪಿನ ಮೇಲೆ ಬಿಳುಪು ಬರುವಂತೆ ಒಂದರ ಮೇಲೊಂದು ಪೇರಿಸಿದಂತೆ ಈ ಜೋಡಣೆ. ಇದೇ ಕೋಟ್ಯನುಕೋಟಿ ಬಾರಿ ಮರುಕಳಿಸಿ ಕಣ್ಣಿಗೆ ಕಾಣುವ ಘನಾಕೃತಿಯ ಹರಳಾಗುತ್ತದೆ. ಪೆಟ್ಟು ಬಿದ್ದಾಗ ಒಂದು ಪದರ ತುಸು ಜರುಗಿದರೆ ಸಾಕು, ಸಜಾತಿಗೆ ಸಜಾತಿ ಎದುರಾಗಿ ಹರಳು ನೇರವಾದ ಮುಖಗಳಲ್ಲೇ ಸೀಳುತ್ತದೆ.

1913ರಲ್ಲಿ ಲಾರೆನ್ಸ್ ಬ್ರಾಗ್ ಕ್ಷ-ಕಿರಣಗಳ ನೆರವಿನಿಂದ ಈ ರಚನೆಯನ್ನು ಬಯಲಿಗೆ ತಂದರು. ಒಂದು ಸೋಡಿಯಂ, ಒಂದು ಕ್ಲೋರಿನ್ ಜೊತೆಗೂಡಿದ ‘ಉಪ್ಪಿನ ಅಣು’ ಹರಳಿನೊಳಗೆ ಎಲ್ಲಿಯೂ ಇಲ್ಲವೆಂದು ಇದರಿಂದ ತಿಳಿಯಿತು. ಹಳೆಯ ತಲೆಮಾರಿನ ರಸಾಯನ ವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ ಅವರಿಗೆ ಇದು ಸಹಿಸಲಾಗದೆ 1927ರಲ್ಲಿ ‘ನೇಚರ್’ ಪತ್ರಿಕೆಗೆ ಕಟುವಾಗಿ ಬರೆದರು. ಆದರೆ ಹರಳು ಬ್ರಾಗ್ ಅವರ ಪಕ್ಷವನ್ನೇ ಹಿಡಿದಿತ್ತು.

ಆರೇ ಏಕೆ, ಎಂಟೇಕಲ್ಲ? ಇದರಲ್ಲಿ ಗಾತ್ರದ ಪಾತ್ರ ದೊಡ್ಡದು. ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗಕ್ಕೆ ಆಂಗ್‌ಸ್ಟ್ರಾಂ ಎಂದು ಹೆಸರು. ಸೋಡಿಯಂ ಅಯಾನಿನ ತ್ರಿಜ್ಯ 1.02 ಆಂಗ್‌ಸ್ಟ್ರಾಂ, ಕ್ಲೋರೈಡಿನದು 1.81. ಎಂಟು ಕಿತ್ತಳೆಗಳ ನಡುವೆ ನೆಲ್ಲಿಕಾಯಿಯನ್ನಿಟ್ಟರೆ ಕಿತ್ತಳೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ನೆಲ್ಲಿಕಾಯಿ ಸಡಿಲವಾಗುತ್ತದೆ. ದೊಡ್ಡದಾದ ಸೀಸಿಯಂ ಅಯಾನಿನ ಸುತ್ತಲಾದರೋ ಎಂಟು ಕ್ಲೋರೈಡುಗಳು ಸುಖವಾಗಿ ನಿಲ್ಲುತ್ತವೆ. ಆದರೆ ಗಾತ್ರವೊಂದೇ ಸರ್ವಸ್ವವಲ್ಲ. ಸೀಸಿಯಂ ಕ್ಲೋರೈಡನ್ನು ಸುಮಾರು 470 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದೂ ಅಡಿಗೆ ಉಪ್ಪಿನ ಕ್ರಮಕ್ಕೇ ತಿರುಗುತ್ತದೆ. ಬೆಂಗಳೂರಿನಲ್ಲಿ ಜನಿಸಿದ ಸಿ. ಎನ್. ಆರ್. ರಾವ್ ಅವರು 1960ರ ದಶಕದಲ್ಲಿ ಅಭ್ಯಸಿಸಿದ ವಿಷಯಗಳಲ್ಲಿ ಈ ಪರಿವರ್ತನೆಯೂ ಒಂದು.

ಗಾತ್ರವೂ ವಿದ್ಯುತ್ತೂ ಹೊಂದಿದರೆ ಒಂದು ಅಯಾನಿನ ಪೀಠದಲ್ಲಿ ಮತ್ತೊಂದು ಬಂದು ಕೂರಬಹುದು. ಈ ಮಾತು ವಾಚಕರ ತುಮಕೂರು ಜಿಲ್ಲೆಗೇ ಸಂಬಂಧಿಸಿದ್ದು. ನಮ್ಮ ಹಲ್ಲು, ಮೂಳೆಗಳೂ ಹರಳುಗಳೇ. ಅವುಗಳಲ್ಲಿ ಕ್ಯಾಲ್ಸಿಯಂ, ಫಾಸ್ಫೇಟುಗಳ ಜೊತೆಗೆ ಹೈಡ್ರಾಕ್ಸೈಡ್ ಅಯಾನೂ ಇದೆ. ಅದರ ತ್ರಿಜ್ಯ 1.37, ಫ್ಲೋರೈಡಿನದು 1.33. ವಿದ್ಯುತ್ತು ಎರಡಕ್ಕೂ ಒಂದೇ. ಆದುದರಿಂದ ಬಂಡೆಗಳಿಂದ ಕೊಳವೆಬಾವಿಯ ನೀರಿಗಿಳಿದ ಫ್ಲೋರೈಡ್ ಆ ಸ್ಥಾನವನ್ನು ಸುಲಭವಾಗಿ ಆಕ್ರಮಿಸುತ್ತದೆ. ಅಲ್ಪಪ್ರಮಾಣದಲ್ಲಿ ಅದು ಹಲ್ಲಿಗೆ ಬಲವೇ. ಅತಿಯಾದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ವರ್ಷಾನುಗಟ್ಟಲೆ ಅದೇ ನೀರನ್ನು ಕುಡಿದವರ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಜಿಲ್ಲೆಯ ಉತ್ತರದ ಪಾವಗಡ ಸೀಮೆ ಈ ಕಷ್ಟವನ್ನು ಬಹುಕಾಲದಿಂದ ಬಲ್ಲದು.

ನೀರನ್ನು ಕುದಿಸಿದರೆ ದೋಷ ಹೋಗುವುದೆಂಬ ನಂಬಿಕೆ ಇಲ್ಲಿ ಸಲ್ಲದು. ಕುದಿತದಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಅಯಾನುಗಳಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಇದರ ಮೇಲ್ಮಿತಿ. ನಾಲಗೆಗೆ ತಿಳಿಯದ ಈ ಅಯಾನನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ಕೊಳವೆಬಾವಿಯ ನೀರನ್ನು ಕುಡಿಯುವ ಗೃಹಸ್ಥರು ಅದನ್ನೊಮ್ಮೆ ಪರೀಕ್ಷೆ ಮಾಡಿಸುವುದು ಒಳಿತು. ಮಕ್ಕಳಿರುವ ಮನೆಗಳಂತೂ ತಡಮಾಡಲಾಗದು.