ಬೀಗ ಹಾಕಿದರೆ ಕುಡಿತ ಬಿಡುವುದಿಲ್ಲ



ನಮ್ಮ ಊರುಗಳ ಗೋಡೆಗಳನ್ನು ಒಮ್ಮೆ ಕಣ್ಣೆತ್ತಿ ನೋಡಿರಿ. ‘ಕುಡಿಯುವವನಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸುತ್ತೇವೆ’ ಎಂಬ ಚೀಟಿ ಎಲ್ಲಿಯಾದರೂ ಅಂಟಿರುತ್ತದೆ. ಕೆಳಗೊಂದು ಫೋನಿನ ನಂಬರು. ವೈದ್ಯನ ಹೆಸರಿಲ್ಲ, ಔಷಧದ ಹೆಸರಿಲ್ಲ, ಬಿಲ್ಲಿನ ಮಾತನ್ನಂತೂ ಕೇಳಲೇಬೇಡಿ. ಸಾರಿನಲ್ಲಿ ಕಲಸಿ ಉಣಿಸಬೇಕಾದ ಆ ಪುಡಿಯಲ್ಲಿ ಏನಿದೆಯೆಂದು ಕೊಂಡವರಿಗೆ ತಿಳಿಯುವ ದಾರಿಯೇ ಇಲ್ಲ. ಡೈಸಲ್ಫಿರಾಮ್ ಎಂಬ ಗುಳಿಗೆಯ ಪುಡಿಯೇ ಅದರಲ್ಲಿದ್ದರೆ, ಅರಿಯದೆ ಸಂಜೆ ಒಂದು ಕ್ವಾರ್ಟರ್ ಹಾಕಿದವನ ಮುಖ ಕೆಂಪೇರಿ, ಎದೆ ಹಾರಿ, ರಕ್ತದ ಒತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದವನು ಸತ್ತೇ ಹೋಗಬಹುದು. ಅದೇ ಗುಳಿಗೆಯನ್ನು ವೈದ್ಯರು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ರಕ್ತ ಪರೀಕ್ಷೆ ಮಾಡಿಸಿ ಕೊಟ್ಟರೆ ಔಷಧ. ಹೆಂಡತಿಯ ಕೈಯಿಂದ ಕದ್ದು ಉಣಿಸಿದರೆ ವಿಷ.

ಇದು ಮೋಸ. ಇನ್ನೊಂದು ಉಂಟು, ಅದು ಮೋಸವಲ್ಲ, ಮೂಢತನ. ಅದರಲ್ಲಿ ನಾನೂ ಪಾಲುದಾರ.

ನಾನು ಮಾಸ್ತರಿಕೆ ಮಾಡುತ್ತಿದ್ದ ಕಾಲದ ಮಾತು. ಐದನೆಯ ಇಯತ್ತೆಯ ಒಬ್ಬ ಹುಡುಗ ವಾರಗಟ್ಟಲೆ ಶಾಲೆಗೆ ಬರಲಿಲ್ಲ. ಅವನ ತಂದೆ ಹತ್ತಿ ಪೇಟೆಯಲ್ಲಿ ಹಮಾಲ. ಬೆಳಗಾದರೆ ಕೈ ನಡುಗುತ್ತಿದ್ದವು. ಒಂದು ಗುಟುಕು ಹೊಟ್ಟೆಗೆ ಬೀಳದೆ ಅಂಡಿಗೆಗೆ ಕೊಕ್ಕೆ ಹಾಕಲಾಗುತ್ತಿರಲಿಲ್ಲ. ಓಣಿಯ ಹಿರಿಯರು ಕೂಡಿದರು. ನಾಲ್ಕಕ್ಷರ ಕಲಿತವನೆಂದು ನನ್ನನ್ನೂ ಕರೆದರು. ಎಂಟು ದಿನ ಕೋಣೆಯಲ್ಲಿ ಕೂಡಿಹಾಕಿ, ಅನ್ನ ನೀರು ಕೊಟ್ಟು, ಹನಿ ಸೆರೆ ಸಿಗದಂತೆ ಮಾಡುವುದೆಂದು ತೀರ್ಮಾನವಾಯಿತು. ನಾನೂ ಹೂಂ ಎಂದೆ. ಎರಡನೆಯ ರಾತ್ರಿ ಅವನಿಗೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡ. ನಾಟಕ ಎಂದರು. ಮೂರನೆಯ ದಿನ ಗೋಡೆ ತುಂಬ ಇರುವೆ ಹರಿದಾಡುತ್ತಿವೆಯೆಂದು ಕೂಗತೊಡಗಿದ. ಹೆಂಡತಿಯ ಗುರುತು ಹತ್ತಲಿಲ್ಲ. ಆಗ ಬೀಗ ತೆಗೆದು ಬಾಡಿಗೆ ಟೆಂಪೋದಲ್ಲಿ ಒಯ್ದೆವು. ಮನುಷ್ಯ ಬದುಕಿದ. ಸಾಲ ಬಿತ್ತು. ಹುಡುಗ ತಾಯಿಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದವನು ಮರಳಿ ನನ್ನ ವರ್ಗಕ್ಕೆ ಬರಲಿಲ್ಲ.

ಅಂದು ನಮಗೆ ಗೊತ್ತಿಲ್ಲದಿದ್ದ ಸಂಗತಿ ಇಷ್ಟೇ. ವರ್ಷಗಟ್ಟಲೆ ದಿನಾಲು ಕುಡಿದವನ ಮಿದುಳು ಆ ಭಾರಕ್ಕೆ ಎದುರು ಒತ್ತು ಕೊಟ್ಟು ನಿಂತಿರುತ್ತದೆ. ಬೆನ್ನ ಮೇಲಿನ ಅಂಡಿಗೆಯನ್ನು ಹಿಂದಿನಿಂದ ಥಟ್ಟನೆ ಕಿತ್ತರೆ ಹಮಾಲ ಮುಗ್ಗರಿಸುವುದಿಲ್ಲವೇ? ಹಾಗೆಯೇ. ಕುಡಿತ ನಿಂತ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಭ್ರಮೆ ಹಿಡಿದು ಜೀವಕ್ಕೇ ಕುತ್ತು ಬರಬಹುದು. ಇದನ್ನು ತಡೆಯುವ ಔಷಧ ಹೊಸದೇನಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಎಂಬ ಗುಳಿಗೆಯನ್ನು ವೈದ್ಯರು ದಿನದಿಂದ ದಿನಕ್ಕೆ ಇಳಿಸುತ್ತ ಸುಮಾರು ಒಂದು ವಾರ ಕೊಡುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ-1 ಜೀವಸತ್ವ. ಬರಿಯ ಸೆರೆಯ ಮೇಲೆ ಬದುಕಿದವನ ಮೈಯಲ್ಲಿ ಅದು ಬತ್ತಿರುತ್ತದೆ. ಬತ್ತಿದರೆ ನೆನಪಿನ ಶಕ್ತಿಯೇ ಕಾಯಂ ಹಾಳಾಗುವ ಭಯವುಂಟು.

ಈಗ ಮುಖ್ಯ ಮಾತಿಗೆ ಬರೋಣ. ಇದಕ್ಕೆಲ್ಲ ತಿಂಗಳುಗಟ್ಟಲೆ ಎಲ್ಲಿಯೋ ಹೋಗಿ ಮಲಗಬೇಕೆಂಬುದು ಬಹುಪಾಲು ಜನರ ಮಟ್ಟಿಗೆ ಸುಳ್ಳು. ಮನೆಯಲ್ಲಿ ನೋಡಿಕೊಳ್ಳುವವರೊಬ್ಬರಿದ್ದರೆ, ಮೊದಲ ವಾರ ದಿನಾಲು ಅಥವಾ ದಿನ ಬಿಟ್ಟು ದಿನ ದವಾಖಾನೆಗೆ ಬಂದು ತೋರಿಸಿಕೊಂಡು, ಗುಳಿಗೆ ಒಯ್ದು, ಮನೆಯಲ್ಲೇ ಮಲಗಿ ಕುಡಿತ ಬಿಡಬಹುದು. ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ಭ್ರಮೆ ಹಿಡಿದವರು, ರಕ್ತ ಕಾರಿದವರು, ಕಣ್ಣು ಹಳದಿಯಾದವರು, ಸಾಯುತ್ತೇನೆ ಎನ್ನುವವರು, ಗರ್ಭಿಣಿಯರು, ಮನೆಯಲ್ಲಿ ಯಾರೂ ಇಲ್ಲದವರು ದಾಖಲಾಗಲೇಬೇಕು, ಅದರಲ್ಲಿ ವಾದವಿಲ್ಲ. ಉಳಿದವರಿಗೆ ಬೇಕಾದದ್ದು ಹೊರರೋಗಿ ವಿಭಾಗದ ಒಂದು ಚೀಟಿ. ಆಮೇಲೆ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಗುಳಿಗೆಗಳು, ಮತ್ತು ಕೂತು ಮಾತನಾಡುವ ಒಬ್ಬ ಮನುಷ್ಯ. ಆ ಮನುಷ್ಯ ದೊಡ್ಡ ಡಾಕ್ಟರನೇ ಆಗಬೇಕೆಂದಿಲ್ಲ. ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಅತಿಯಾಗಿ ಕುಡಿಯುವವರೊಡನೆ ನಾಲ್ಕು ಸಲದವರೆಗೆ ಕೂತು ಮಾತನಾಡಿದಾಗ ಎಷ್ಟೋ ಮಂದಿ ಕುಡಿತ ತಗ್ಗಿಸಿದರು. ಇದು ನಮ್ಮ ಕಲ್ಪನೆಯಲ್ಲ. ಪರೀಕ್ಷೆ ಮಾಡಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ 2017ರಲ್ಲಿ ಅಚ್ಚಾದ ಸಂಗತಿ.

ಆದರೆ ಈ ಚಿಕಿತ್ಸೆ ಎಷ್ಟು ಜನಕ್ಕೆ ಸಿಕ್ಕಿದೆ? ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ಮಾಡಿದ, 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5.7 ಕೋಟಿ ಜನಕ್ಕೆ ಮದ್ಯದ ತೊಂದರೆಗಾಗಿ ನೆರವು ಬೇಕಾಗಿತ್ತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರಕಿತ್ತು. ಉಳಿದ ಮೂವತ್ತೇಳು ಜನರ ಪಾಲಿಗೆ ಸಾರಿನ ಪುಡಿ, ಬೀಗದ ಕೋಣೆ, ಇಲ್ಲವೆ ಹೆಂಡತಿಯ ಕಣ್ಣೀರು.

ಅದೇ ಸರಕಾರ ಮಾರುವ ವಿಷಯದಲ್ಲಿ ಇಷ್ಟು ಬಡವನೇ? 2003ರಿಂದ ಈ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. 2007ರ ಜುಲೈ 1ರಿಂದ ಸರಾಯಿ ನಿಂತಿತು ಎಂದು ತಮ್ಮಟೆ ಹೊಡೆದರು. ಪ್ಯಾಕೆಟ್ಟು ಹೋಗಿ ಸೀಸೆ ಬಂತು, ಸೀಸೆ ಹೋಗಿ ರಟ್ಟಿನ ಪೊಟ್ಟಣ ಬಂತು, ಕೂಲಿಯವನ ಜೇಬಿನಿಂದ ಹೋಗುವ ದುಡ್ಡು ಮಾತ್ರ ಹೆಚ್ಚಾಯಿತು. 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ ಎತ್ತಬೇಕೆಂದು ಗೊತ್ತುಮಾಡಿದ ಹಣ 40,000 ಕೋಟಿ ರೂಪಾಯಿ. ಇಂತಿಷ್ಟು ಕುಡಿಯಲೇಬೇಕೆಂದು ಗುರಿ ಇಟ್ಟುಕೊಂಡ ಸರಕಾರವೇ ಮದ್ಯಪಾನ ಸಂಯಮ ಮಂಡಳಿಯನ್ನೂ ಸಾಕುತ್ತದೆ! ಒಂದು ಕೈಯಲ್ಲಿ ಸೀಸೆ, ಇನ್ನೊಂದು ಕೈಯಲ್ಲಿ ಉಪದೇಶ. ಎರಡರ ನಡುವೆ ಇರಬೇಕಾದ ಗುಳಿಗೆ ಎಲ್ಲಿ?

ಕಾನೂನು ಇಲ್ಲವೆಂದು ಹೇಳುವಂತೆಯೂ ಇಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಪಟ್ಟ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರುತ್ತವೆಂದು ಅದು ಸ್ಪಷ್ಟವಾಗಿ ಬರೆದಿದೆ. 18ನೆಯ ಕಲಮು ಸರಕಾರಿ ಚಿಕಿತ್ಸೆಯನ್ನು ಹಕ್ಕು ಎಂದು ಕರೆಯುತ್ತದೆ; ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಕೊಡಬೇಕೆನ್ನುತ್ತದೆ. ಗೊತ್ತುಪಡಿಸಿದ ಕನಿಷ್ಠ ಸೇವೆಯನ್ನು ಜಿಲ್ಲೆಯಲ್ಲಿ ಸರಕಾರ ಒದಗಿಸದೆ ಹೋದರೆ, ರೋಗಿ ಅದೇ ಜಿಲ್ಲೆಯ ಬೇರೆ ಕಡೆ ತೋರಿಸಿಕೊಂಡ ಖರ್ಚನ್ನು ಸರಕಾರವೇ ಹೊರಬೇಕೆಂದೂ ಇದೆ. ಈ ಕಾಯ್ದೆಯ ಕೆಳಗೆ ಸರಪಳಿ ಹಾಕುವುದು ನಿಷಿದ್ಧ. ನಮ್ಮಲ್ಲಿ ಎಷ್ಟು ಜನ ಇದನ್ನು ಓದಿದ್ದೇವೆ? ಓದಿದ್ದರೆ ಅಂದು ಆ ಓಣಿಯಲ್ಲಿ ನಾನು ಹೂಂ ಎನ್ನುತ್ತಿದ್ದೆನೇ?

ಗಿರಣಿಯ ಬಂಧುಗಳಿಗೆ ಇನ್ನೊಂದು ಮಾತು. ಬೇರೆ ಕಾರ್ಖಾನೆಯ ಕಾರ್ಮಿಕನಿಗೆ ಇ.ಎಸ್.ಐ. ದವಾಖಾನೆಯಾದರೂ ಉಂಟು, ಕಾಯಿಲೆಯ ದಿನಗಳಿಗೆ ಪಗಾರದ ಒಂದು ಪಾಲಾದರೂ ಉಂಟು. ಹತ್ತಿ ಹಿಂಜುವ, ಅಂಡಿಗೆ ಕಟ್ಟುವ, ಶೇಂಗಾ ಸುಲಿಯುವ ಕೆಲಸವನ್ನೇ ಮಾಡುವ ಗಿರಣಿಗಳನ್ನು 1948ರ ಕಾಯ್ದೆ ‘ಹಂಗಾಮಿ ಕಾರ್ಖಾನೆ’ ಎಂದು ಕರೆದು ಹೊರಗಿಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿ ಕಾರ್ಖಾನೆಗೆ ಆ ಬಾಗಿಲು ತೆರೆಯಲಿಲ್ಲ. ರೋಗಕ್ಕೆ ಹಂಗಾಮು ಉಂಟೇ? ಹಾಗಾಗಿ ರಾಣೇಬೆನ್ನೂರಿನ ಜಿನ್ನಿನ ಆಳಿಗೆ ತಾಲೂಕು ಆಸ್ಪತ್ರೆಯ ಹೊರರೋಗಿ ವಿಭಾಗವೊಂದೇ ಗತಿ. ಧಾರವಾಡದ ಡಿಮ್ಹಾನ್ಸ್ ನಮಗೆ ದೊಡ್ಡ ಆಸರೆ ನಿಜ; ಆದರೆ ನೂರಾರು ಕಿಲೋಮೀಟರು ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವಳ ಕೂಲಿಯೂ ಹೋಯಿತು. ಎರಡನೆಯ ಸಲ ಯಾರು ಹೋಗುತ್ತಾರೆ?

ಪೇಟೆಯ ಮಿತ್ರರು ಇದು ಹಮಾಲರ ಪುರಾಣವೆಂದು ಪುಟ ತಿರುವಬಾರದು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು ಎ.ಪಿ.ಎಂ.ಸಿ. ಕಚೇರಿಗೆ ಬೆಂಕಿ ಬಿದ್ದದ್ದನ್ನು ನಾಡೆಲ್ಲ ನೋಡಿತು. ಅದಾದ ಮೇಲೆ ತಿಂಗಳುಗಟ್ಟಲೆ ನಿದ್ದೆ ಕಳೆದುಕೊಂಡ ರೈತನನ್ನು, ಉದ್ರಿ ಕೊಟ್ಟು ಕೂತ ಕಿರಾಣಿಯವನನ್ನು ಯಾರು ನೋಡಿದರು? ಎದೆ ಡವಡವ ಎನ್ನುತ್ತದೆಂದು ಹುಬ್ಬಳ್ಳಿಗೆ ಓಡುವುದು, ಇ.ಸಿ.ಜಿ. ತೆಗೆಸುವುದು, ‘ಏನೂ ಇಲ್ಲ, ಟೆನ್ಶನ್ ಮಾಡಿಕೊಳ್ಳಬೇಡಿ’ ಎನ್ನಿಸಿಕೊಂಡು ಸಾವಿರಾರು ರೂಪಾಯಿ ಕಳೆದು ಬರುವುದು. ಏನೂ ಇಲ್ಲವೆಂದಲ್ಲ, ಇರುವುದು ಎದೆಯಲ್ಲಿ ಅಲ್ಲ ಅಷ್ಟೇ. ಎರಡು ವಾರಕ್ಕೂ ಮಿಕ್ಕಿ ಮನಸ್ಸು ಯಾವುದರಲ್ಲೂ ನಿಲ್ಲದೆ, ಊಟ ರುಚಿಸದೆ, ಬೆಳಗಿನ ಜಾವ ಎಚ್ಚರವಾಗಿ, ಬದುಕು ಬೇಡವೆನ್ನಿಸಿದರೆ ಅದು ಖಿನ್ನತೆಯ ಲಕ್ಷಣವಿರಬಹುದು, ತೋರಿಸಿಕೊಳ್ಳಬೇಕು. ಅದಕ್ಕೂ ಹೊರರೋಗಿಯ ಚಿಕಿತ್ಸೆಯೇ ಸಾಕಾಗುತ್ತದೆ. ಫ್ಲೂಆಕ್ಸೆಟಿನ್‌ನಂಥ ಗುಳಿಗೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಸುಧಾರಿಸಿದ ಮೇಲೂ ಕೆಲ ತಿಂಗಳು ನುಂಗಬೇಕು. ಕುಡಿತದಂತೆ ಚಟ ಹಿಡಿಸುವ ಗುಳಿಗೆ ಅದಲ್ಲ, ಆದರೂ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ನಿಜವಾಗಿ ಚಟ ಹಿಡಿಸುವುದು ಚೀಟಿಯಿಲ್ಲದೆ ಅಂಗಡಿಯಲ್ಲಿ ಎತ್ತಿ ಕೊಡುವ ನಿದ್ದೆಯ ಅಲ್ಪ್ರಜೋಲಾಮ್. ಔಷಧದ ಅಂಗಡಿಯವರಲ್ಲಿಯೂ ನಮ್ಮ ಓದುಗರಿದ್ದಾರೆ, ಬೇಸರವಾದರೆ ಆಗಲಿ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಮಾಲಕರು ಹೇಳುತ್ತಾರೆ: ಕುಡುಕನ ಚಿಕಿತ್ಸೆಗೆ ಜನರ ಹಣವೇಕೆ, ಮನಸ್ಸು ಗಟ್ಟಿ ಮಾಡಿದರೆ ಬಿಡುತ್ತಾನೆ. ಸಿಹಿಮೂತ್ರ ಬಂದ ಮಾಲಕರು ಮನಸ್ಸು ಗಟ್ಟಿ ಮಾಡಿ ಇನ್ಸುಲಿನ್ ಬಿಟ್ಟದ್ದನ್ನು ನಾನು ಕಂಡಿಲ್ಲ. ಪಾನನಿಷೇಧ ತನ್ನಿ, ಎಲ್ಲ ಸರಿಹೋಗುತ್ತದೆ ಎನ್ನುವವರು ಎರಡನೆಯವರು. ಸಂವಿಧಾನದ 47ನೆಯ ವಿಧಿ ಅವರ ಬೆನ್ನಿಗಿದೆ, ನಿಷೇಧದ ಬಗ್ಗೆ ವಾದಿಸಲಿ. ಆದರೆ ನಾಳೆ ಬೆಳಿಗ್ಗೆ ಅಂಗಡಿ ಮುಚ್ಚಿದರೆ ಮೂರನೆಯ ದಿನ ಭ್ರಮೆ ಹಿಡಿಯುವವನಿಗೆ ಅವರ ಬಳಿ ಏನುಂಟು? ಮೂರನೆಯವರು ನಮ್ಮವರೇ. ದುಡಿಮೆಯ ದಣಿವಿಗೆ, ಸಾಲದ ಸಂಕಟಕ್ಕೆ ಜನ ಕುಡಿಯುತ್ತಾರೆ. ವ್ಯವಸ್ಥೆ ಬದಲಾಗಲಿ, ಕುಡಿತ ತಾನಾಗಿ ಹೋಗುತ್ತದೆ ಎನ್ನುತ್ತಾರೆ. ಮೊದಲರ್ಧ ಒಪ್ಪಿದೆ. ಕಾಲು ಮುರಿದ ಹಮಾಲನಿಗೂ ವ್ಯವಸ್ಥೆ ಬದಲಾಗುವ ತನಕ ಕಾಯೆಂದು ನಾವು ಹೇಳುತ್ತೇವೆಯೇ?

ಆಗದ ಕೆಲಸವೆಂದೂ ಹೇಳಬೇಡಿರಿ. ತುಂಗಭದ್ರೆಯ ಆಚೆ ದಂಡೆಯಲ್ಲೇ ಇದು ಆಗಿ ತೋರಿಸಿತು. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಆಗ ಹೂವಿನಹಡಗಲಿಯೂ ಅದರಲ್ಲೇ ಇತ್ತು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರರಿಗೆ, ಮನೆ ಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ಚಿಕಿತ್ಸೆ ಕಲಿಸಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2014ರಲ್ಲಿ ನಮ್ಮ ರಾಜ್ಯ ಸರಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರದಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಕೂಡ್ರುವ ಏರ್ಪಾಡು ಸಾರಿತು. ಹಾವೇರಿಯಲ್ಲಿ 2022ರಿಂದ ಸರಕಾರಿ ವೈದ್ಯಕೀಯ ಕಾಲೇಜೂ ಇದೆ.

ಆದ್ದರಿಂದ ನಾವು ಕೇಳುವುದು ಆಕಾಶದ ಹೂವಲ್ಲ. ವಾರಕ್ಕೊಂದು ಮಂಗಳವಾರ ಸಾಲದು; ಮೊದಲ ವಾರದ ನಡುಕ ಮಂಗಳವಾರದವರೆಗೆ ಕಾಯುವುದಿಲ್ಲ. ತಾಲೂಕು ಆಸ್ಪತ್ರೆಯ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ದಿನಾಲು, ಅದರಲ್ಲಿ ವಾರಕ್ಕೆ ಎರಡು ದಿನವಾದರೂ ಗಿರಣಿ ಬಿಟ್ಟ ಮೇಲೆ ಸಂಜೆ, ಈ ವಿಭಾಗ ತೆರೆದಿರಬೇಕು. ಒಬ್ಬ ಆಪ್ತ ಸಲಹೆಗಾರ ಖಾಯಂ ಇರಬೇಕು, ಕೋಣೆಗೆ ಬಾಗಿಲಿರಬೇಕು. ಇಡೀ ಪೇಟೆಯೆದುರು ‘ಕುಡಿಯುತ್ತೀಯಾ’ ಎಂದು ಕೂಗಿ ಕೇಳಬಾರದು. ಥಯಾಮಿನ್ ಮುಗಿದಿದೆ ಎಂಬ ಮಾತು ಕೇಳಬಾರದು. ಜಿಲ್ಲೆಯಿಂದ ಎತ್ತುವ ಅಬಕಾರಿ ಹಣದಲ್ಲಿ ಒಂದು ಪಾಲು ಇದಕ್ಕೆಂದೇ ಜಿಲ್ಲೆಯಲ್ಲಿ ಉಳಿಯಬೇಕು.

ಅಲ್ಲಿಯವರೆಗೆ ಇರುವುದನ್ನು ಬಿಡಬಾರದು. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಪೇಟೆ. ಮಂಗಳವಾರ ಹಮಾಲರಿಗೆ ಬಿಡುವು ಸಿಕ್ಕೀತು. ಮೂರೂ ಊರಿನವರು ಆಧಾರ್ ಚೀಟಿ ಹಿಡಿದು ಸರಕಾರಿ ಆಸ್ಪತ್ರೆಗೆ ಹೋಗಿ ಮನೋವೈದ್ಯರು ಎಂದು ಬರುತ್ತಾರೆಂದು ಕೇಳಿರಿ, ಮನೆಯವರೊಬ್ಬರನ್ನು ಜೊತೆಗೆ ಒಯ್ಯಿರಿ. ಎಷ್ಟು ಕುಡಿಯುತ್ತೀರಿ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಮುಚ್ಚಿಡಬೇಡಿರಿ. ಗುಳಿಗೆಯ ಲೆಕ್ಕ ಅದರ ಮೇಲಿದೆ. ದಿನಾಲು ಕುಡಿಯುವವರು ವೈದ್ಯರನ್ನು ಕಾಣದೆ ಒಮ್ಮೆಗೇ ಬಿಡಬೇಡಿರಿ. ರಾತ್ರಿ ಹೊತ್ತಿನಲ್ಲಿ ಮನಸ್ಸು ಕೆಟ್ಟು ಸಾವಿನ ಯೋಚನೆ ಬಂದರೆ 14416ಕ್ಕೆ ಫೋನು ಮಾಡಿರಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಅದು, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಆಸ್ಪತ್ರೆಯಲ್ಲಿ ಔಷಧ ಇಲ್ಲವೆಂದರೆ ಚೀಟಿಯ ಮೇಲೆ ‘ದಾಸ್ತಾನಿಲ್ಲ’ ಎಂದು ಬರೆಸಿಕೊಳ್ಳಿರಿ. ಅದರ ನಕಲಿನಿಂದ ನಿಮ್ಮ ಹೆಸರಿನ ಭಾಗವನ್ನು ಹರಿದು ನಮ್ಮ ಕಚೇರಿಗೆ ತಲುಪಿಸಿರಿ. ನೂರು ಚೀಟಿ ಕೂಡಿದ ದಿನ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಟ್ಟು ಬರೋಣ.